ಕೇತ್ತಿಗೆ ಪುಕ್ಕಟೆ ಪ್ರವಾಸ

ನೀಲಗಿರಿ ಹತ್ತಲು ಈಗ ಇ-ಪಾಸ್ ಬೇಕು. 2024ರ ಮೇ ತಿಂಗಳಿಂದ ಹೈಕೋರ್ಟಿನ ಅಪ್ಪಣೆ. ಸೀಸನ್ನಿಗೆ ಕೋತಗಿರಿಗೆ ಬಂದವರು ಚಹಾ ಕುಡಿಯುತ್ತ ಇದನ್ನೇ ಗೊಣಗುತ್ತಾರೆ. ಬೋಯರ್ ಯುದ್ಧದ ಕಾಲದಲ್ಲಿ ಇಂಥ ತಾಪತ್ರಯವಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರ ಮೇಲೆ ಗುಂಡು ಹಾರಿಸಿ ಸಿಕ್ಕಿಬಿದ್ದರಾಯಿತು, ಹಡಗಿನ ಖರ್ಚೂ ಸರ್ಕಾರದ್ದೇ. ಹಾಗೆ 1901ರಿಂದ ಭಾರತಕ್ಕೆ ಬಂದ ಸುಮಾರು 9,000 ಬೋಯರರಲ್ಲಿ, ಅಂದರೆ ಅಲ್ಲಿನ ಡಚ್ ಮೂಲದ ಬಿಳಿಯರಲ್ಲಿ, ಅದೃಷ್ಟಗೆಟ್ಟವರು ಬಳ್ಳಾರಿಯ ಬಿಸಿಲು ಕಂಡರು, ಪುಣ್ಯವಂತರು ನಮ್ಮ ಬೆಟ್ಟದ ಕೇತ್ತಿ ಶಿಬಿರ ಕಂಡರು. ಗೈಡುಗಳು ಸ್ವಿಟ್ಜರ್‌ಲೆಂಡಿಗೆ ಹೋಲಿಸುವ ಅದೇ ಕಣಿವೆ. ಅತ್ತ ಮುಖ ಮಾಡಿದ ಕಿಟಕಿಗೆ ಈಗ ರಾತ್ರಿಯೊಂದಕ್ಕೆ ಎಷ್ಟು ಕೀಳುತ್ತಾರೆಂದು ರೂಮು ಬುಕ್ ಮಾಡಿದವರನ್ನು ಕೇಳಿ.

ಊಟಕ್ಕೂ ಕೊರತೆಯಿಲ್ಲ, ಕಾಗದದ ಮೇಲಂತೂ. 1899ರ ಹೇಗ್ ಒಪ್ಪಂದದ ಪ್ರಕಾರ ಸೆರೆಯಾಳಿನ ಊಟ, ಬಟ್ಟೆ, ವಸತಿ ಹಿಡಿದವರ ಸಿಪಾಯಿಗಳಿಗೆ ಸಮನಾಗಿರಬೇಕು. ಬಂದೂಕು ಹಿಡಿದವನಿಗೆ ಇಷ್ಟು ಮರ್ಯಾದೆ. ಅವನ ಹೆಂಡತಿ ಮಕ್ಕಳಿಗೆ, ಪಾಪ, ಬಂದೂಕು ಹಿಡಿಯುವ ಜಾಣತನ ಹೊಳೆಯಲಿಲ್ಲ. ಬ್ರಿಟಿಷರು ಮನೆಗೆ ಬೆಂಕಿಯಿಟ್ಟು ಅವರನ್ನು ಅಲ್ಲೇ ದಕ್ಷಿಣ ಆಫ್ರಿಕಾದಲ್ಲಿ, ಬ್ಲೂಮ್‌ಫಾಂಟೇನಿನಂಥ ಕಡೆ ಡೇರೆಗಳಲ್ಲಿ ತುಂಬಿದರು. ಮೊದಮೊದಲು, ಗಂಡ ಇನ್ನೂ ಕಾದಾಡುತ್ತಿದ್ದರೆ ಸಂಸಾರದ ಪಡಿಗೆ ಕತ್ತರಿ. ದಡಾರ, ಟೈಫಾಯ್ಡ್‌ಗಳೂ ಸೇರಿ ಸತ್ತವರು ಸುಮಾರು 28,000. ಅವರಲ್ಲಿ 22,000 ಮಕ್ಕಳು. ತಾಯಂದಿರಿಗೆ ಶುಚಿತ್ವ ಗೊತ್ತಿಲ್ಲ ಎಂದು ಅಧಿಕಾರಿಗಳು ಕಾರಣ ಕಂಡುಹಿಡಿದರು. ಕರಿಯರಿಗೆ ಬೇರೆಯೇ ಶಿಬಿರಗಳಿದ್ದವು. ಅಲ್ಲಿನ ಹೆಣಗಳ ಲೆಕ್ಕವನ್ನು ನೆಟ್ಟಗೆ ಬರೆದಿಡಲೂ ಯಾರಿಗೂ ಪುರುಸೊತ್ತಿರಲಿಲ್ಲ. ಎಮಿಲಿ ಹಾಬ್‌ಹೌಸ್ ಎಂಬ ಇಂಗ್ಲಿಷ್ ಹೆಂಗಸು ಡೇರೆಗಳ ಸ್ಥಿತಿಯನ್ನು ಲಂಡನ್ನಿನಲ್ಲಿ ಬಾಯಿಬಿಟ್ಟಳು. 1901ರ ಅಕ್ಟೋಬರಿನಲ್ಲಿ ಮತ್ತೆ ಕೇಪ್ ಟೌನಿಗೆ ಹೋದರೆ ಹಡಗಿನಿಂದ ಇಳಿಯಲು ಬಿಡಲಿಲ್ಲ. ಆಕೆಗೆ ಪಾಸ್ ಸಿಗಲಿಲ್ಲ, ನೋಡಿ.

ಇನ್ನು ಕೇತ್ತಿಯಲ್ಲಿದ್ದವನಿಗೆ ಏನು ಕಷ್ಟ? ತಂಪು ಗಾಳಿ, ಹೊತ್ತಿಗೆ ಊಟ. ಊರಿನ ಕಾಗದಕ್ಕೆ ಕಾಯುವುದು. ಬಂದರೆ, ಸತ್ತದ್ದು ಎಷ್ಟನೆಯ ಮಗುವೆಂದು ಓದಿಕೊಳ್ಳುವುದು. ಇದನ್ನು ಕಷ್ಟವೆಂದು ತುಂಬಲು ಹೇಗ್‌ನವರು ಕಾಲಂ ಬಿಟ್ಟಿರಲಿಲ್ಲ.

1902ರ ಮೇ 31ಕ್ಕೆ ಶಾಂತಿಯಾಯಿತು. ಬಿಡುಗಡೆಗೂ ಒಂದು ಪಾಸ್: ಏಳನೇ ಎಡ್ವರ್ಡ್ ದೊರೆಗೆ ನಿಷ್ಠನಾಗಿರುತ್ತೇನೆಂದು ಒಪ್ಪಿಕೊಳ್ಳಬೇಕು. ಕೆಲವು ಹಟಮಾರಿಗಳು ಒಲ್ಲೆವೆಂದು ಭಾರತದಲ್ಲೇ ಕೂತರು. ಒಪ್ಪಿದವರನ್ನು ಸರ್ಕಾರ ಹಡಗು ಹತ್ತಿಸಿ ಊರಿಗೆ ಕಳಿಸಿತು. ಸುಟ್ಟ ಮನೆ ಎಲ್ಲಿತ್ತೆಂದು ಹುಡುಕಿಕೊಳ್ಳುವುದು ಮಾತ್ರ ಅವರವರ ಜವಾಬ್ದಾರಿ.