ನಾನು ಹಳಬ, ಕೆಟ್ಟವನಲ್ಲ

ಭದ್ರಾವತಿಯ ಕಾಗದನಗರದ ಒಂದು ಮನೆಯಲ್ಲಿ ಮೂರು ದಿನದಿಂದ ನೆಟ್ ಇಲ್ಲ. ಯಜಮಾನರು ಪೇಪರ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಹೊಳೆಹೊನ್ನೂರು ಕಡೆಯ ತೋಟದ ಪಹಣಿ ನೋಡಬೇಕೆಂದು ಕೂತಿದ್ದಾರೆ. ಎದುರಿಗಿರುವುದು ವಿಂಡೋಸ್ 7 ಕಾಲದ ಲ್ಯಾಪ್‌ಟಾಪು. ಅದರ ವೈಫೈ ಎಂದೋ ಕೈಕೊಟ್ಟಿದೆ. ಗೋಡೆಯ ಫೈಬರ್ ಪೆಟ್ಟಿಗೆಯಿಂದ ಇಳಿದು, ದಿವಾನದ ಕೆಳಗೆ ನುಸುಳಿ ಬರುವ ಬೂದು ಬಣ್ಣದ ವೈರೊಂದೇ ಗತಿ. ಪರದೆಯ ಮೂಲೆಯಲ್ಲಿ ಕೆಂಪು ಇಂಟು ಮಾರ್ಕು.

ಎಲ್ಲರ ಬೆರಳೂ ತೋರಿಸುತ್ತಿರುವುದು ಒಬ್ಬನನ್ನೇ. ಲ್ಯಾಪ್‌ಟಾಪಿನ ಎಡಮಗ್ಗುಲಲ್ಲಿ ಬಾಯಿ ತೆರೆದು ಕೂತಿರುವ ಲ್ಯಾನ್ ಪೋರ್ಟ್. ಆರೋಪಿಯನ್ನು ಖುದ್ದಾಗಿ ಮಾತಾಡಿಸಲು ಪತ್ರಿಕೆಯ ಪ್ರತಿನಿಧಿ ಜೇಬಿನಲ್ಲೊಂದು ಟಾರ್ಚು, ಹಲ್ಲುಜ್ಜಿ ಸವೆದ ಬ್ರಶ್ಶು ಇಟ್ಟುಕೊಂಡು ಶಿವಮೊಗ್ಗದಲ್ಲಿ ಬಸ್ಸು ಹತ್ತಿದರು. ಮಳೆ ಹಿಡಿದಿತ್ತು.

"ಏನು ಮುಷ್ಕರ ಇದು?" ಎಂಬುದು ಅವರ ಮೊದಲ ಪ್ರಶ್ನೆ.

"ಮುಷ್ಕರ ಹೂಡಿದ್ದು ನಾನಾ?" ಪೋರ್ಟ್ ಕೆರಳಿತು. "ಕಸ್ಟಮರ್ ಕೇರಿನವರು ನಮ್ಮ ಕಡೆ ಎಲ್ಲ ಸರಿಯಿದೆ ಅಂದರು. ಅಂಗಡಿಯವರು ಫೋನಿನಲ್ಲೇ ಮದರ್‌ಬೋರ್ಡ್ ಹೋಗಿದೆ ಅಂದರು. ರೋಗಿಯ ಮುಖ ನೋಡದೆ ಮರಣಪತ್ರ ಬರೆಯೋ ಡಾಕ್ಟರನ್ನ ಎಲ್ಲಾದರೂ ಕಂಡಿದ್ದೀರಾ ಮಾರಾಯ್ರೆ? ಬೆಂಗಳೂರಿನ ಮೊಮ್ಮಗನಂತೂ, ತಾತ ಅದು ಹಳೇದಾಯ್ತು, ಗುಜರಿಗೆ ಹಾಕಿ ಅಂದ. ಹಳೇದು ಅಂದಮೇಲೆ ಮುಗೀತಲ್ಲ, ಯಾರೂ ಬಗ್ಗಿ ನೋಡಲ್ಲ."

"ಹಳಬರು ಹೌದಲ್ಲವೇ?"

"ಮನೆತನವೇ ಹಳೇದು. 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಅನ್ನೋರು ಬರೆದ ಟಿಪ್ಪಣಿಯಿಂದ ನಮ್ಮ ಈಥರ್ನೆಟ್ ವಂಶ ಶುರು. ಜೆರಾಕ್ಸ್ ಅಂದರೆ ನಿಮಗೆ ಆಧಾರ್ ಕಾರ್ಡಿನ ನಕಲು ಮಾತ್ರ ಗೊತ್ತು, ಇರಲಿ. 50 ವರ್ಷ ಆದಮೇಲೆ, 2023ರ ಮಾರ್ಚಿನಲ್ಲಿ, ಮೆಟ್‌ಕಾಫರಿಗೆ ಟ್ಯೂರಿಂಗ್ ಪ್ರಶಸ್ತಿ ಘೋಷಿಸಿದರು. ಅದೇ ವರ್ಷದ ಜನವರಿಯಲ್ಲಿ ನಮ್ಮೂರಲ್ಲಿ ಏನಾಯ್ತು ಹೇಳಿ? 1918ರಲ್ಲಿ ಹುಟ್ಟಿದ ಕಬ್ಬಿಣದ ಕಾರ್ಖಾನೆ, ವಿಐಎಸ್‌ಎಲ್, ಅದನ್ನ ಮುಚ್ಚುವ ತೀರ್ಮಾನ ಹೊರಬಿತ್ತು."

"ನಮ್ಮ ಪೇಪರ್ ಮಿಲ್ಲು, ಎಂಪಿಎಂ, ಅದನ್ನ ಬಿಟ್ಟೆಯಲ್ಲೋ," ಯಜಮಾನರು ಕುರ್ಚಿಯಿಂದಲೇ ಗದರಿದರು. "1936ರಲ್ಲಿ ಮಹಾರಾಜರ ಕಾಲದಲ್ಲಿ ಹುಟ್ಟಿದ್ದು. 2015ರಲ್ಲಿ ಯಂತ್ರ ನಿಂತಿತು."

ಸಂದರ್ಶನ ಶೋಕಸಭೆಯಾಗುವ ಲಕ್ಷಣ ಕಂಡ ಪ್ರತಿನಿಧಿ ಟಾರ್ಚು ಹೊತ್ತಿಸಿದರು.

ಪೋರ್ಟಿನ ಪಕ್ಕದಲ್ಲಿ ಸಾಸಿವೆ ಗಾತ್ರದ ಎರಡು ದೀಪಗಳಿರುತ್ತವೆ. ವೈರು ಎರಡೂ ತುದಿಯಲ್ಲಿ ಸರಿಯಾಗಿ ಕೂತಿದ್ದರೆ ಒಂದು ಸ್ಥಿರವಾಗಿ ಉರಿಯುತ್ತದೆ. ಮಾಹಿತಿ ಓಡಾಡುವಾಗ ಇನ್ನೊಂದು ಮಿಟುಕುತ್ತದೆ. ಎರಡೂ ಸತ್ತಿದ್ದರೆ ಸಾಫ್ಟ್‌ವೇರಿನ ಗೊಡವೆಗೆ ಹೋಗುವ ಮೊದಲು ವೈರು ನೋಡಬೇಕು. ಮೂರು ದಿನದಲ್ಲಿ ನಾಲ್ಕು ಸಲ ರೀಸ್ಟಾರ್ಟ್ ಮಾಡಿದವರು, ಎರಡು ಸಲ ಡ್ರೈವರ್ ಹಾಕಿದವರು ಇದ್ದಾರೆ. ಬಗ್ಗಿ ದೀಪ ನೋಡಿದವರು ಒಬ್ಬರೂ ಇಲ್ಲ. ಬಗ್ಗುವುದು ಕಷ್ಟ, ಅದು ನಿಜ.

ದೀಪ ಸತ್ತಿತ್ತು. ಪ್ಲಗ್ಗಿನ ಪುಟ್ಟ ಪ್ಲಾಸ್ಟಿಕ್ ಕ್ಲಿಪ್ಪು ಮುರಿದಿತ್ತು. ಅದರ ಜಾಗಕ್ಕೆ ಯಾರೋ ಕಾಗದ ಮಡಚಿ ತುರುಕಿದ್ದರು. ಪ್ರತಿನಿಧಿ ಬ್ರಶ್ಶಿನ ತುದಿಯಿಂದ ಅದನ್ನು ಹೊರಗೆಳೆದರು. ಎಂಟು ಮಡಿಕೆ, ಮಳೆಗಾಲದ ತೇವಕ್ಕೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿದೆ. ಬಿಗಿ ಸಡಿಲಿ ಪ್ಲಗ್ಗು ಎರಡು ಮಿಲಿಮೀಟರಿನಷ್ಟು ಹಿಂದೆ ಸರಿದಿದೆ. ಇಷ್ಟೇ.

"ಕಾಗದ ಯಾರದ್ದು ಕೇಳಿ," ಎಂದಿತು ಪೋರ್ಟ್.

"ನಾನೇ ಇಟ್ಟಿದ್ದು, ಹೋದ ವರ್ಷ," ಯಜಮಾನರು ಒಪ್ಪಿಕೊಂಡರು. "ಆದರೆ ನಮ್ಮ ಮಿಲ್ಲಿನ ಕಾಗದ ಇಷ್ಟು ಸುಲಭಕ್ಕೆ ಮೆತ್ತಗಾಗಲ್ಲ. ಬೇರೆ ಯಾವುದೋ ಇರಬೇಕು."

ಪಕ್ಕದ ಮನೆಯ ಐಟಿಐ ಹುಡುಗ ಕ್ರಿಂಪಿಂಗ್ ಟೂಲ್ ಹಿಡಿದು ಬಂದ. ಹಳೆಯ ಪ್ಲಗ್ಗನ್ನು ಕಚಕ್ಕೆಂದು ಕತ್ತರಿಸಿ, ಬೂದು ಸಿಪ್ಪೆ ಸುಲಿದು, ಹೆಣೆದುಕೊಂಡ ನಾಲ್ಕು ಜೋಡಿ ಎಳೆಗಳನ್ನು ಹೆಬ್ಬೆರಳಿನ ಉಗುರಿನಿಂದ ನೇರ ಮಾಡಿದ. ಬಾಯಲ್ಲಿ ಮಗ್ಗಿ: ಕೇಸರಿ–ಬಿಳಿ, ಕೇಸರಿ, ಹಸಿರು–ಬಿಳಿ, ನೀಲಿ, ನೀಲಿ–ಬಿಳಿ, ಹಸಿರು, ಕಂದು–ಬಿಳಿ, ಕಂದು. ಹಸಿರು ಜೋಡಿಯ ನಡುವೆ ನೀಲಿ ಯಾಕೆ ನುಗ್ಗಿದೆ ಎಂದು ಪ್ರತಿನಿಧಿ ಕೇಳಿದರು. ಹುಡುಗನಿಗೆ ಮಗ್ಗಿ ಗೊತ್ತು, ಕಾರಣ ಗೊತ್ತಿಲ್ಲ.

ಉತ್ತರ ಕೊಟ್ಟದ್ದು ಪೋರ್ಟೇ. "ಫೋನಿನ ವೈರಿನ ಜೋಡಿ ನಟ್ಟನಡುವೆ ಬರುತ್ತಲ್ಲ, ಆ ಜಾಗಕ್ಕೆ ಹೊಂದಲಿ ಅಂತ ನೀಲಿಗೆ ಮಧ್ಯದ ಸೀಟು. ಅದಕ್ಕೇ ಫೋನಿನ ಪಿನ್ನೂ ನನ್ನೊಳಗೆ ತೂರುತ್ತೆ. ತೂರಿದರೆ ನನ್ನ ಆಚೀಚೆ ತುದಿಯ ಪಿನ್ನು ಸೊಟ್ಟಗಾಗೋ ಭಯ. ಆ ಮೊಮ್ಮಗ ಆರನೇ ಕ್ಲಾಸಿನಲ್ಲಿದ್ದಾಗ ಚುಚ್ಚಿದ್ದ. ಈಗ ಗುಜರಿಗೆ ಹಾಕಿ ಅಂತ ಸಲಹೆ ಕೊಡೋದೂ ಅವನೇ."

"ನಿಮ್ಮ ವೇಗದ ಬಗ್ಗೆಯೂ ದೂರಿದೆ. ಪ್ಯಾಕಿನಲ್ಲಿ 200 ಎಂಬಿಪಿಎಸ್, ನೀವು ಕೊಡುವುದು 100 ದಾಟುವುದಿಲ್ಲ."

"ನಾನು ಹುಟ್ಟಿದ್ದೇ 100ರ ಜಾತಿಯಲ್ಲಿ. ನನಗೆ ಎಂಟರಲ್ಲಿ ನಾಲ್ಕೇ ಎಳೆ ಸಾಕು: ಒಂದು, ಎರಡು, ಮೂರು, ಆರು. ಗಿಗಾಬಿಟ್‌ನವರಿಗೆ ಎಂಟೂ ಬೇಕು. ಕಂದು ಎಳೆ ಒಂದು ತುಂಡಾದರೆ ಎಷ್ಟೋ ಸಲ ಅವರೂ ನನ್ನ ಮಟ್ಟಕ್ಕೆ ಇಳೀತಾರೆ. ಪಹಣಿ ನೋಡೋಕೆ 200 ಯಾಕೆ? ಆ ಪ್ಯಾಕ್ ಮಾರಿದವರನ್ನೇ ಕೇಳಿ."

ಮಲೆನಾಡಿನ ಸಿಡಿಲಿನ ಮಾತೂ ಬಂತು. ತಾಮ್ರದ ಫೋನ್ ತಂತಿಯ ಕಾಲದಲ್ಲಿ ಗುಡುಗು ಶುರುವಾದರೆ ಮೋಡೆಮ್ ಕಿತ್ತಿಡುವುದು ಮನೆಮನೆಯ ಸಂಪ್ರದಾಯ. ಫೈಬರ್ ಬಂದಮೇಲೆ ಜನ ನಿಶ್ಚಿಂತರಾಗಿದ್ದಾರೆ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ, ಸರಿ. ಆದರೆ ಪೆಟ್ಟಿಗೆಯ ಅಡಾಪ್ಟರ್ ಚುಚ್ಚಿರುವುದು ಮನೆಯ ಕರೆಂಟಿಗೆ. ಅಲ್ಲಿಂದ ನುಗ್ಗಿದ ಹೊಡೆತ ಲ್ಯಾನ್ ವೈರಿನ ತಾಮ್ರ ಹಿಡಿದು ನೇರ ಪೋರ್ಟಿಗೆ ಬರಬಹುದು. "ಗುಡುಗಿದಾಗ ಟಿವಿ ಕೀಳ್ತಾರೆ, ಫ್ರಿಜ್ ಕೀಳ್ತಾರೆ," ಎಂದಿತು ಪೋರ್ಟ್. "ನನ್ನನ್ನ ಮಾತ್ರ ಬಯಲಿಗೆ ಕಟ್ಟಿದ ಎಮ್ಮೆ ಹಂಗೆ ಬಿಡ್ತಾರೆ."

ಹೊಸ ಪ್ಲಗ್ಗು ಟಕ್ಕೆಂದು ಕೂತಿತು. ಹಸಿರು ದೀಪ ಹತ್ತಿತು. ಕೆಂಪು ಇಂಟು ಹೋಗಿ ಹಳದಿ ತ್ರಿಕೋನ ಬಂತು. ಹುಡುಗ ಕಪ್ಪು ಪರದೆ ತೆರೆದು ಐಪಿಕಾನ್ಫಿಗ್ ಎಂದು ಒತ್ತಿದ. ವಿಳಾಸ 169.254ರಿಂದ ಶುರು.

"ಇದೇನು ವಿಳಾಸ?"

"ಕರೆಯದ ಮದುವೆ," ಎಂದಿತು ಪೋರ್ಟ್. "ವಿಳಾಸ ಹಂಚಬೇಕಾದ ರೌಟರ್ ತೆಪ್ಪಗೆ ಕೂತರೆ, ವಿಂಡೋಸ್ ತಾನೇ ಎಲೆ ಹಾಸಿಕೊಂಡು ಪಂಕ್ತಿಯಲ್ಲಿ ಕೂತುಬಿಡುತ್ತೆ. ಬಡಿಸೋಕೆ ಯಾರೂ ಬರಲ್ಲ. ಆ ಪೆಟ್ಟಿಗೆಯನ್ನ ಒಮ್ಮೆ ಆರಿಸಿ ಹಚ್ಚಿ."

ಆರಿಸಿ ಹಚ್ಚಿದರು. 192.168ರ ವಿಳಾಸ ಬಂತು, ತ್ರಿಕೋನ ಹೋಯಿತು. ಯಜಮಾನರು ಕನ್ನಡಕ ಏರಿಸಿ ಪಹಣಿಯ ಜಾಲತಾಣ ಒತ್ತಿದರೆ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. "ನೋಡಿದ್ರಾ, ಪೋರ್ಟೇ ಹೋಗಿರೋದು!" ಎಂದರು ಗೆದ್ದವರಂತೆ.

ಪ್ರತಿನಿಧಿ ಪರದೆಯ ಕೆಳಮೂಲೆಗೆ ಟಾರ್ಚು ಬಿಟ್ಟರು. ತಾರೀಖು 1 ಜನವರಿ 2010.

ಲ್ಯಾಪ್‌ಟಾಪಿನೊಳಗೆ ನಾಣ್ಯದಂಥ ಸಣ್ಣ ಸೆಲ್ ಒಂದಿರುತ್ತದೆ, ಸಾಮಾನ್ಯವಾಗಿ ಸಿಆರ್2032. ಕರೆಂಟ್ ಇಲ್ಲದಾಗಲೂ ಗಡಿಯಾರ ಓಡಿಸುವುದು ಅದರ ಕೆಲಸ. ದೊಡ್ಡ ಬ್ಯಾಟರಿ ಮೊದಲೇ ಸತ್ತಿದ್ದು, ಈ ಸೆಲ್ಲೂ ಬರಿದಾದರೆ, ಪ್ರತಿ ಸಲ ಕರೆಂಟ್ ಹೋದಾಗ ಯಂತ್ರ ತನ್ನ ಬಾಲ್ಯಕ್ಕೆ ಮರಳುತ್ತದೆ. ಜಾಲತಾಣ ತೋರಿಸುವ ಸುರಕ್ಷತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯುಂಟು; 2010ರಲ್ಲಿ ಕೂತು ನೋಡುವವನಿಗೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ.

"2010ರಲ್ಲಿ ಮಿಲ್ಲು ನಡೀತಿತ್ತು," ಎಂದರು ಯಜಮಾನರು. ತಾರೀಖು ತಿದ್ದಲು ಅವರೇನೂ ಅವಸರಪಡಲಿಲ್ಲ.

ಕೊನೆಗೆ ಹುಡುಗನೇ ತಿದ್ದಿದ. ತಾಣ ತೆರೆಯಿತು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್. ಪಹಣಿ ಮೂಡಿತು. ಸ್ವಾಧೀನದಾರರ ಹೆಸರಿನ ಜಾಗದಲ್ಲಿ ಯಜಮಾನರ ತಂದೆಯ ಹೆಸರೇ ಇದೆ. ಅವರು ತೀರಿಕೊಂಡು ಇಪ್ಪತ್ತು ವರ್ಷ. ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಗೆ ಮನೆಯವರು ಅರ್ಜಿಯನ್ನೇ ಕೊಟ್ಟಿಲ್ಲ.

ಯಜಮಾನರು ಪರದೆಯನ್ನು ಒಂದು ನಿಮಿಷ ದಿಟ್ಟಿಸಿ ನೋಡಿದರು.

"ಥತ್, ಈ ಹಳೇ ಲ್ಯಾಪ್‌ಟಾಪಿನ ಹಣೆಬರಹವೇ ಇಷ್ಟು," ಎಂದು ಮುಚ್ಚಳ ಮುಚ್ಚಿದರು.

"ಬರ್ಕೊಂಡ್ರಾ?" ಎಂದಿತು ಪೋರ್ಟ್.