ಅಮಿಗ ಜೀರ್ಣೋದ್ಧಾರ ಶಾಸ್ತ್ರಸಂಗ್ರಹ

ಯಾವುದೇ ಶಾಸ್ತ್ರವನ್ನು ಆರಂಭಿಸುವ ಮುನ್ನ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಶಾಸ್ತ್ರದ ವಿಷಯ, ಕಮೊಡೋರ್ ಕಂಪನಿಯ ಅಮಿಗ ಎಂಬ ಕಂಪ್ಯೂಟರ್. ಅಧಿಕಾರಿ ಯಾರೆಂದರೆ, ಬಾಲ್ಯದಲ್ಲಿ ಅದನ್ನು ಗೆಳೆಯನ ಮನೆಯಲ್ಲಿ ಕಂಡು ಬಾಯಿ ಬಿಟ್ಟವನು; ಐವತ್ತರ ಅಂಚಿನಲ್ಲಿ ಕೈಗೆ ನಾಲ್ಕು ಕಾಸು ಬಂದ ಮೇಲೂ ಆ ಬಾಯಿ ಮುಚ್ಚಲಾಗದೆ ಇರುವ ಗೃಹಸ್ಥ. ಸಂಬಂಧವು ಅವನಿಗೂ ಕೊರಿಯರ್ ತರುವವನಿಗೂ ದಿನೇ ದಿನೇ ಬೆಳೆಯುವಂಥದ್ದು. ಪ್ರಯೋಜನದ ವಿಚಾರದಲ್ಲಿ ಮಾತ್ರ ಭಾಷ್ಯಕಾರರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಕಂಪ್ಯೂಟರನ್ನು ಬಳಸುವುದೇ ಪ್ರಯೋಜನ ಎಂಬ ಬಾಲಿಶ ಪೂರ್ವಪಕ್ಷವನ್ನು ಕೊನೆಯ ಪ್ರಕರಣದಲ್ಲಿ ಖಂಡಿಸಲಾಗುವುದು.

ಉತ್ಪತ್ತಿ ಪ್ರಕರಣ

1985ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ಅಮಿಗ 1000ರ ಅವತರಣವಾಯಿತು. ಚಿತ್ರಕಾರ ಆ್ಯಂಡಿ ವಾರ್ಹಾಲ್ ಗಾಯಕಿ ಡೆಬಿ ಹ್ಯಾರಿಯನ್ನು ಎದುರು ಕೂರಿಸಿಕೊಂಡು, ಸಭೆಯ ಮುಂದೆಯೇ ಅವಳ ಚಿತ್ರಕ್ಕೆ ಈ ಯಂತ್ರದಲ್ಲಿ ಬಣ್ಣ ತುಂಬಿದ. ಕಚೇರಿಯ ಕಂಪ್ಯೂಟರ್‌ಗಳು ಕೀಚಲು ದನಿಯಲ್ಲಿ ಒಂದು ಬೀಪ್ ಹೊರಡಿಸಿ ಧನ್ಯವಾಗುತ್ತಿದ್ದ ಕಾಲವದು. ಅಮಿಗಕ್ಕೆ 4096 ಬಣ್ಣಗಳೂ ನಾಲ್ಕು ಧ್ವನಿವಾಹಿನಿಗಳ ಸ್ಟೀರಿಯೊ ಸದ್ದೂ ಹುಟ್ಟಿನಿಂದಲೇ ಬಂದಿದ್ದವು. ಮಲ್ಟಿಮೀಡಿಯಾ ಎಂಬ ಮಾತು ಜಾಹೀರಾತುಗಳಿಗೆ ರೂಢಿಯಾಗುವ ಮೊದಲೇ ಅದರ ಲಕ್ಷಣಗಳೆಲ್ಲ ಈ ಪೆಟ್ಟಿಗೆಯಲ್ಲಿದ್ದವು.

ಇದರ ಒಳಗೆ ಮೋಟರೋಲಾ 68000 ಎಂಬ ಯಜಮಾನನಿದ್ದರೂ ಮನೆ ನಡೆಸುವವರು ಮೂವರು ಶಕ್ತಿಯರು. ಆ್ಯಗ್ನಸ್ ನೆನಪಿನ ಭಂಡಾರದ ಬೀಗದ ಕೈ ಹಿಡಿದವಳು. ಡೆನಿಸ್ ಪರದೆಯ ಮೇಲೆ ಚಿತ್ರ ಮೂಡಿಸುವವಳು. ಪೌಲಾ ಹಾಡುವವಳು, ಜೊತೆಗೆ ಫ್ಲಾಪಿಯ ಉಸ್ತುವಾರಿಯೂ ಅವಳದೇ. ಈ ಮೂರು ಚಿಪ್‌ಗಳಲ್ಲಿ ಒಂದು ಮುನಿದರೂ ಯಜಮಾನನ ಮಾತು ನಡೆಯುವುದಿಲ್ಲ.

ಶಾಸನತಜ್ಞರಿಗೆ ಅಮಿಗ 1000ರ ಮೇಲ್ಮುಚ್ಚಳದ ಒಳಮೈ ಬಹಳ ಮುಖ್ಯ. ಅಲ್ಲಿ ನಿರ್ಮಾತೃಗಳ ಸಹಿಗಳು ಉಬ್ಬಚ್ಚಿನಲ್ಲಿವೆ. ಮುಖ್ಯ ವಿನ್ಯಾಸಕ ಜೇ ಮೈನರ್‌ನ ನಾಯಿ ಮಿಚಿಯ ಪಂಜದ ಗುರುತೂ ಇದೆ. ಓದಿದ ವಿದ್ವಾಂಸರಲ್ಲಿ ಪಾಠಭೇದವೇ ಇಲ್ಲದ ಭಾಗ ಅದೊಂದೇ.

ಗುರುಪರಂಪರೆಯ ಪ್ರಶ್ನೆಯೂ ಇದೆ. ಯಂತ್ರ ಕುಸಿದು ಬಿದ್ದಾಗ ಕಪ್ಪು ಪರದೆಯಲ್ಲಿ ಕೆಂಪು ಚೌಕಟ್ಟು ಮಿನುಗಿ, ‘ಗುರು ಮೆಡಿಟೇಶನ್’ ಎಂಬ ಒಕ್ಕಣೆಯೂ ಒಂದು ಉದ್ದನೆಯ ಸಂಖ್ಯೆಯೂ ಕಾಣಿಸಿಕೊಳ್ಳುತ್ತವೆ. ಈ ಹೆಸರಿಗೊಂದು ಕಥೆಯಿದೆ: ಕಮೊಡೋರ್ ಕೊಳ್ಳುವ ಮುನ್ನ ಅಮಿಗ ಕಂಪನಿ ಕಾಲಿಟ್ಟು ಆಡುವ ಜಾಯ್‌ಬೋರ್ಡ್ ಎಂಬ ಹಲಗೆಯನ್ನು ಮಾರುತ್ತಿತ್ತು. ಎಂಜಿನಿಯರ್‌ಗಳು ಅದರ ಮೇಲೆ ಪದ್ಮಾಸನ ಹಾಕಿ, ಅಲುಗಾಡದೆ ಕೂರುವ ಆಟ ಆಡುತ್ತಿದ್ದರಂತೆ. ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಧ್ಯಾನ ಮಾಡಿದ ಗುರುಗಳ ಫಲವನ್ನು ಅನುಭವಿಸಿದವರು ಅರ್ಧ ಬರೆದ ಪತ್ರ ಕಳೆದುಕೊಂಡ ಗಿರಾಕಿಗಳು.

ಕ್ರಯ ಪ್ರಕರಣ

1994ರ ಏಪ್ರಿಲ್‌ನಲ್ಲಿ ಕಮೊಡೋರ್ ದಿವಾಳಿಯೆದ್ದಿತು. ಹಾಗಾಗಿ ಕೊಳ್ಳಲು ಸಿಗುವುದೆಲ್ಲ ಅಟ್ಟದಿಂದ ಇಳಿದದ್ದು. ಶಾಸ್ತ್ರಸಮ್ಮತ ಮಾದರಿಗಳು ಎರಡು: 1987ರ ಅಮಿಗ 500, ಮತ್ತು 1992ರಲ್ಲಿ ಬ್ರಿಟನ್ನಿನಲ್ಲಿ 399 ಪೌಂಡಿಗೆ ಮಾರಾಟಕ್ಕೆ ಬಂದ ಅಮಿಗ 1200. ಮೊದಲನೆಯದು ಆಟಕ್ಕೆ, ಎರಡನೆಯದು ಖರ್ಚಿಗೆ.

ಮಾರುವವನ ಮಾತನ್ನು ಪ್ರಮಾಣಶಾಸ್ತ್ರದ ಒರೆಗೆ ಹಚ್ಚಬೇಕು. ಯಂತ್ರ ಓಡುವುದನ್ನು ಕಣ್ಣಾರೆ ಕಂಡರೆ ಅದು ಪ್ರತ್ಯಕ್ಷ. ‘ದೀಪ ಉರಿಯುತ್ತಿದೆ, ಆದ್ದರಿಂದ ಯಂತ್ರ ಸರಿಯಿದೆ’ ಎಂಬುದು ಅನುಮಾನ. ‘ತೊಂಬತ್ಮೂರರಲ್ಲಿ ಚೆನ್ನಾಗಿ ಓಡುತ್ತಿತ್ತು’ ಎಂಬುದು ಶಬ್ದಪ್ರಮಾಣ. ಅದರ ಮೇಲೆ ದುಡ್ಡು ಹಾಕುವವನಿಗೆ ಶ್ರದ್ಧೆ ಬೇಕು. ಬೆಟ್ಟದ ಮೇಲೆ ಹೊಗೆಯಿದ್ದರೆ ಬೆಂಕಿಯುಂಟು ಎಂದು ತಾರ್ಕಿಕರು ಶತಮಾನಗಳಿಂದ ಕೊಡುತ್ತ ಬಂದಿರುವ ಉದಾಹರಣೆಯನ್ನು ಹಳೆಯ ಪವರ್ ಸಪ್ಲೈ ಒಂದು ಎರಡೇ ಸೆಕೆಂಡಿನಲ್ಲಿ ಸಾಧಿಸಿ ತೋರಿಸಬಲ್ಲದು.

ಕರ್ನಾಟಕದ ಸಾಧಕನಿಗೆ ಒಂದು ವಿಶೇಷ ವಿಧಿಯುಂಟು. ಬ್ರಿಟನ್ ಅಥವಾ ಜರ್ಮನಿಯ ಅಮಿಗ ನಮ್ಮಂತೆಯೇ 50 ಹರ್ಟ್ಸ್ ವಿದ್ಯುತ್ತಿಗೂ ಪ್ಯಾಲ್ ಟಿ.ವಿ.ಗೂ ಒಗ್ಗಿದ್ದು. ಅಮೆರಿಕದ್ದಾದರೆ 110 ವೋಲ್ಟಿನ ಆಸಾಮಿ. ನೇರವಾಗಿ ನಮ್ಮ ಗೋಡೆಗೆ ಸಿಕ್ಕಿಸಿದರೆ ಮೇಲೆ ಹೇಳಿದ ತರ್ಕೋದಾಹರಣೆಯ ಪುನರಾವೃತ್ತಿಯಾಗುತ್ತದೆ.

ನಿದಾನ ಮತ್ತು ಚಿಕಿತ್ಸಾ ಪ್ರಕರಣ

ರೋಗಿ ತಾನೇ ರೋಗವನ್ನು ಹೇಳಿಕೊಳ್ಳುವ ಅಪರೂಪದ ವೈದ್ಯಪದ್ಧತಿ ಇದು. ಗುಂಡಿ ಒತ್ತಿದೊಡನೆ ಪರದೆ ಕೆಂಪಾಗಿ ನಿಂತರೆ ದೋಷ ರಾಮ್ ಚಿಪ್ಪಿನದಲ್ಲ, ರೋಮ್ ಚಿಪ್ಪಿನದು. ಹಸಿರಾದರೆ ಚಿಪ್ ರಾಮ್ ಕೆಟ್ಟಿದೆ. ನೀಲಿಯಾದರೆ ಮೇಲೆ ಹೇಳಿದ ಮೂವರು ಶಕ್ತಿಯರಲ್ಲಿ ಯಾರೋ ಮುನಿದಿದ್ದಾರೆ. ಹಳದಿಯಾದರೆ ಪ್ರೊಸೆಸರ್ ಎಡವಿದೆ. ಕೀಬೋರ್ಡಿನದು ಬೇರೆಯೇ ನಾಡಿ: ಕ್ಯಾಪ್ಸ್ ಲಾಕ್ ದೀಪ ಎಷ್ಟು ಸಲ ಮಿನುಗಿತೆಂದು ಎಣಿಸಿ ಅದರ ವ್ಯಾಧಿಯನ್ನು ತಿಳಿಯಬೇಕು. ಪರದೆ ಬರೀ ಕಪ್ಪಾಗಿಯೇ ಉಳಿದರೆ ಗ್ರಂಥಗಳು ಮೌನವಾಗುತ್ತವೆ, ವೈದ್ಯನೂ.

ವ್ಯಾಧಿಗಳಲ್ಲಿ ಎರಡು ಮಹಾವ್ಯಾಧಿಗಳು. ಮೊದಲನೆಯದು ಬ್ಯಾಟರಿಸ್ರಾವ. ಗಡಿಯಾರ ನಿಲ್ಲದಿರಲೆಂದು ಬೋರ್ಡಿಗೆ ಬೆಸೆದ ನಿಕಲ್–ಕ್ಯಾಡ್ಮಿಯಂ ಬ್ಯಾಟರಿ ವರ್ಷಗಳ ಮೇಲೆ ಕ್ಷಾರವನ್ನು ಕಾರಿಕೊಂಡು ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಅಮಿಗ 2000, 500 ಪ್ಲಸ್, 4000 ಮಾದರಿಗಳು ಇದಕ್ಕೆ ಹೆಸರುವಾಸಿ. ಬ್ಯಾಟರಿ ಕಿತ್ತು, ವಿನೆಗರ್ ಅಥವಾ ನಿಂಬೆಯ ಹುಳಿಯಿಂದ ಕ್ಷಾರ ಮುರಿದು, ತೊಳೆದು, ಕಡಿದ ಗೆರೆಗಳನ್ನು ಸಣ್ಣ ತಂತಿಯಿಂದ ಕೂಡಿಸುವುದು ಚಿಕಿತ್ಸೆ. ಸಮಯ ತೋರಿಸಲೆಂದು ಇಟ್ಟದ್ದೇ ಆಯುಷ್ಯವನ್ನು ತಿಂದಿತೆಂಬ ವೇದಾಂತವನ್ನು ಶಿಷ್ಯರು ಬೆಸುಗೆ ಮುಗಿದ ಮೇಲೆ ಚಿಂತಿಸತಕ್ಕದ್ದು.

ಎರಡನೆಯದು ಕೆಪಾಸಿಟರ್‌ಸ್ರಾವ. 600, 1200, 4000 ಮಾದರಿಗಳಲ್ಲಿ ಬೋರ್ಡಿನ ಮೈಗೇ ಅಂಟಿದ ಪುಟ್ಟ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಸೋರುತ್ತವೆ. ಮೊದಲ ಲಕ್ಷಣ ಸದ್ದು ಕ್ಷೀಣಿಸುವುದು. ಕಾದ ಸೋಲ್ಡರಿಂಗ್ ಕಡ್ಡಿ ತಾಗಿದಾಗ ಮೀನಿನ ವಾಸನೆ ಬಂದರೆ ರೋಗ ಖಚಿತ. ಈ ವಾಸನೆಯ ಸಲುವಾಗಿ ಸಸ್ಯಾಹಾರಿ ಮನೆಗಳಲ್ಲಿ ಮಾಡಿಕೊಳ್ಳಬೇಕಾದ ಪ್ರಾಯಶ್ಚಿತ್ತದ ಬಗ್ಗೆ ಧರ್ಮಶಾಸ್ತ್ರಜ್ಞರು ಇನ್ನೂ ನಿರ್ಣಯ ಕೊಟ್ಟಿಲ್ಲ.

ಮೈಬಣ್ಣದ ಚಿಕಿತ್ಸೆ ಪ್ರತ್ಯೇಕ. ಹಳೆಯ ಪ್ಲಾಸ್ಟಿಕ್ಕು ಹಳದಿಗಟ್ಟಿದರೆ ಹೈಡ್ರೊಜನ್ ಪೆರಾಕ್ಸೈಡ್ ಸವರಿ ಬಿಸಿಲಿಗಿಡುತ್ತಾರೆ. ಸವರಿದ್ದು ಅಲ್ಲಲ್ಲಿ ಒಣಗಿದರೆ ತೊನ್ನಿನಂತೆ ಮಚ್ಚೆ ಬೀಳುತ್ತದೆ. ಆಗ ಹೊಸ ಕವಚ ಕೊಳ್ಳಬೇಕು. ಅಭಿಮಾನಿಗಳು ಚಂದಾ ಕೂಡಿಸಿ 1200ಕ್ಕೆ ಹೊಸ ಕವಚಗಳನ್ನೇ ಅಚ್ಚು ಹಾಕಿಸಿದ್ದಾರೆ.

ಉಪಕರಣ ಪ್ರಕರಣ

ಅಮಿಗದ ಹಿಂಬದಿಯಲ್ಲಿ 23 ಪಿನ್ನಿನ ಕಿಂಡಿಗಳಿವೆ. ಇಂಥ ಕನೆಕ್ಟರ್ ಸುಲಭವಾಗಿ ಸಿಗದ್ದರಿಂದ ಸಾಧಕರು ಪೇಟೆಯಲ್ಲಿ ಸಿಗುವ 25 ಪಿನ್ನಿನದನ್ನು ತಂದು, ಗರಗಸದಿಂದ ಎರಡು ಪಿನ್ನಿನಷ್ಟು ಕೊಯ್ದು ಕೂರಿಸುತ್ತಾರೆ. ಗಣಿತದಲ್ಲಿ ವ್ಯವಕಲನವನ್ನು ಗರಗಸದಿಂದ ಮಾಡುವ ಬೇರೆ ಶಾಖೆ ಇಲ್ಲ.

ಕಿಂಡಿ ಸರಿಹೋದರೂ ಚಿತ್ರ ಬಾರದು. ಅಮಿಗದ ಸಂಕೇತ ಸುಮಾರು 15 ಕಿಲೋಹರ್ಟ್ಸಿನದು; ವಿ.ಜಿ.ಎ. ಮಾನಿಟರ್ ಕೇಳುವುದು 31. ಒಂದೋ ಕಮೊಡೋರ್ 1084ರಂಥ ಗಾಜಿನ ಮಾನಿಟರ್ ಹೊತ್ತು ತರಬೇಕು, ಇಲ್ಲವೇ ಡೆನಿಸ್ ಚಿಪ್ಪಿನಡಿಗೆ ರಾಸ್ಬೆರಿ ಪೈ ಝೀರೊ ಹೊತ್ತ ಹಲಗೆಯೊಂದನ್ನು ತೂರಿಸಿ ಎಚ್.ಡಿ.ಎಂ.ಐ. ಹೊರಡಿಸಬೇಕು. ಅಮಿಗದ 880 ಕಿಲೋಬೈಟ್ ಫ್ಲಾಪಿಯನ್ನು ಮಾಮೂಲಿ ಪಿ.ಸಿ. ಡ್ರೈವ್ ಓದುವುದಿಲ್ಲವಾದ್ದರಿಂದ, ಫ್ಲಾಪಿಯ ವೇಷ ಹಾಕಿ ಪೆನ್ ಡ್ರೈವ್ ಓದುವ ಗೋಟೆಕ್ ಪೆಟ್ಟಿಗೆಯೂ ಬೇಕು.

ಇಲ್ಲಿ ತಾರ್ಕಿಕರು ಹೆದರುವ ಅನವಸ್ಥಾದೋಷ ತಲೆದೋರುತ್ತದೆ. 1200ಕ್ಕೆ ಹಾರ್ಡ್ ಡಿಸ್ಕಿನ ಬದಲು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿದರೆ ನೂರಾರು ಆಟಗಳು ಹಿಡಿಯುತ್ತವೆ. ಅವು ಓಡಲು ಹೆಚ್ಚು ರಾಮ್ ಬೇಕು. ರಾಮ್‌ಗಾಗಿ ಕೊಂಡ ಆ್ಯಕ್ಸಿಲರೇಟರ್ ಕಾಯುತ್ತದೆ. ಕಾವಿಗೆ ಫ್ಯಾನ್. ಇವೆಲ್ಲಕ್ಕೂ ಮೂಲ ಪವರ್ ಸಪ್ಲೈ ಸಾಲದೆ, ಹಳೆಯ 500ರ ಭಾರದ ಸಪ್ಲೈ ಹುಡುಕಬೇಕು. ಅದು ಸಿಗುವುದು ಒಂದು ಅಮಿಗ 500ರ ಸಮೇತ. ಆ 500ಕ್ಕೆ ಈಗ ಪವರ್ ಸಪ್ಲೈ ಇಲ್ಲ.

ಆತ್ಮವಿಚಾರ ಪ್ರಕರಣ

ಎಮ್ಯುಲೇಟರ್‌ವಾದಿಗಳ ಮತದಲ್ಲಿ ಯಂತ್ರವೇ ಮಿಥ್ಯೆ. ಲ್ಯಾಪ್‌ಟಾಪಿನಲ್ಲಿ ಒಂದು ತಂತ್ರಾಂಶ ಹಾಕಿಕೊಂಡರೆ ಅಮಿಗ ತೋರುತ್ತದೆ. ತಂತಿಯ ಜಂಜಾಟವಿಲ್ಲದ ಇವರನ್ನು ಉಳಿದ ಪಂಗಡಗಳು ಪಂಕ್ತಿಗೆ ಸೇರಿಸುವುದಿಲ್ಲ. ಹೆಚ್ಚು ತೊಡಕಿನವರು ಪೈಸ್ಟಾರ್ಮ್ ಪಂಥದವರು. ಇವರು 68000 ಪ್ರೊಸೆಸರನ್ನು ಕಿತ್ತು ಅಲ್ಲಿ ರಾಸ್ಬೆರಿ ಪೈ ಕೂರಿಸುತ್ತಾರೆ. ಕವಚ ಹೊಸದು, ಕೆಪಾಸಿಟರ್ ಹೊಸದು, ಫ್ಲಾಪಿ ಮಾಯಾವಿ, ಪ್ರೊಸೆಸರ್ ಪರಕೀಯ. ಆದರೂ ಪೌಲಾ ಹಾಡುವ ತನಕ ಅದು ಅಮಿಗವೇ ಎಂದು ಅವರ ವಾದ.

ಖಂಡನ ಪ್ರಕರಣ

ಯಂತ್ರ ಇರುವುದು ಬಳಸಲಿಕ್ಕೆ ಎನ್ನುವ ಪೂರ್ವಪಕ್ಷಿಗಳು ಎರಡು ದೃಷ್ಟಾಂತಗಳನ್ನು ಮುಂದಿಡುತ್ತಾರೆ. ಮೊದಲನೆಯದು ವಾರ್ಹಾಲ್‌ನದು. ಪಿಟ್ಸ್‌ಬರ್ಗಿನ ಅವನ ಸಂಗ್ರಹಾಲಯದಲ್ಲಿದ್ದ ಫ್ಲಾಪಿಗಳಿಂದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಅವನ ಅಮಿಗ ಚಿತ್ರಗಳನ್ನು ಹೊರತೆಗೆದ ಸುದ್ದಿ 2014ರಲ್ಲಿ ಬಂತು. ಸೂಪಿನ ಡಬ್ಬಿ ಇತ್ತು. ಬೊಟಿಚೆಲಿಯ ವೀನಸ್‌ಗೆ ಮೂರನೆಯ ಕಣ್ಣೂ ಬಂದಿತ್ತು. ಉತ್ತರ ಸುಲಭ: ವಾರ್ಹಾಲ್ ಬಳಸಿದ್ದು ಸ್ವಲ್ಪ ಕಾಲ, ಆ ಚಿತ್ರಗಳನ್ನು ಹೊರತೆಗೆಯಲು ಪಟ್ಟ ಪಾಡೇ ದೊಡ್ಡದು. ದೃಷ್ಟಾಂತ ನಮ್ಮ ಪಕ್ಷಕ್ಕೇ ಸಂದಿತು.

ಎರಡನೆಯದು ಗಟ್ಟಿ. ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನಲ್ಲಿ ಎಂಬತ್ತರ ದಶಕದಲ್ಲಿ ಕೊಂಡ ಒಂದೇ ಅಮಿಗ 19 ಸರ್ಕಾರಿ ಶಾಲೆಗಳ ಬಾಯ್ಲರ್, ಫ್ಯಾನುಗಳನ್ನು 2015ರಲ್ಲೂ ನಡೆಸುತ್ತಿತ್ತು. ತಂತ್ರಾಂಶ ಬರೆದವನು ಅಂದಿನ ಹೈಸ್ಕೂಲು ಹುಡುಗ. ತೊಂದರೆ ಬಂದರೆ ಅವನನ್ನೇ ಕರೆಯುತ್ತಿದ್ದರು. ಮೌಸ್, ಮಾನಿಟರ್‌ಗಳು ಎರಡನೆಯವು. ಅದರ ರೇಡಿಯೊ ಸಂಕೇತ ಸಿಬ್ಬಂದಿಯ ವಾಕಿಟಾಕಿಗೆ ಅಡ್ಡ ಬರುತ್ತಿದ್ದಾಗ ಮನುಷ್ಯರೇ ಮಾತು ನಿಲ್ಲಿಸಿ ಅದಕ್ಕೆ ದಾರಿ ಬಿಡುತ್ತಿದ್ದರು. ಬಿಳುಪು ಬಳಿಯಲಿಲ್ಲ, ಆ್ಯಕ್ಸಿಲರೇಟರ್ ಹಾಕಲಿಲ್ಲ, ಎಚ್.ಡಿ.ಎಂ.ಐ. ಹೊರಡಿಸಲಿಲ್ಲ. ಈ ದೃಷ್ಟಾಂತವನ್ನು ಸುದೀರ್ಘವಾಗಿ ಚರ್ಚಿಸಿದ ಶಾಸ್ತ್ರಕಾರರು ಸದರಿ ಯಂತ್ರವನ್ನು ಅಮಿಗಗಳ ಪಟ್ಟಿಯಿಂದ ತೆಗೆದು ಬಾಯ್ಲರ್‌ಗಳ ಪಟ್ಟಿಗೆ ಸೇರಿಸಿದ್ದಾರೆ.