ಮಕಮಲ್ಲಿನ ಮೇಲೆ ಎರಿ ಮಣ್ಣು

ಕೆನೆಬಣ್ಣ. ಹೌದ್ರೀ, ಕೆನೆಬಣ್ಣವೇ. ಅಂಗಡಿಯವ "ಕಂದು ಹಾಕ್ರಿ, ಹೊಲಸು ಕಾಣಂಗಿಲ್ಲ" ಎಂದು ಮೂರು ಸಲ ಹೇಳಿದ. ಮೂರು ಸಲವೂ ನಾನು ಕೇಳಲಿಲ್ಲ. ರೋಣ ತಾಲೂಕಿನಲ್ಲಿ ಹುಟ್ಟಿ, ಎರಿ ಹೊಲದಲ್ಲಿ ಬಿದ್ದೆದ್ದು, ಐವತ್ತು ಮಳೆಗಾಲ ಕಂಡವನು ತನ್ನ ಬೊಲೆರೋ ಪಿಕಪ್ಪಿಗೆ ಕೆನೆಬಣ್ಣದ ಮಕಮಲ್ಲಿನ ಸೀಟ್ ಕವರ್ ಹೊಲಿಸಿದ್ದಕ್ಕೆ ಬುದ್ಧಿಭ್ರಮಣೆ ಎನ್ನದೆ ಬೇರೆ ಹೆಸರಿಲ್ಲ. ಆದರೆ ಏನು ಮಾಡಲಿ, ಹೊಳೆಯುತ್ತಿತ್ತು. ಕೈಯಾಡಿಸಿದರೆ ಎಳೆಗರುವಿನ ಮೈ ಸವರಿದ ಹಾಗಿತ್ತು.

ನಮ್ಮಾಕಿ ನೋಡಿದಳು. ಒಂದೇ ಪ್ರಶ್ನೆ ಕೇಳಿದಳು: "ನಾಯಿ ಎಲ್ಲಿ ಕುಂದರ್ತಾವ್ರಿ?"

ನಮ್ಮಲ್ಲಿ ನಾಯಿ ಎರಡು. ರಾಣಿ ಮುಧೋಳದ ಬೇಟೆ ನಾಯಿ, ಕರಿಯಾ ಬೀದಿಯವನು. ರಾಣಿಯ ಕುಲದ ದೊಡ್ಡಸ್ತಿಕೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಕುಲ ಅದು. 2016ರಲ್ಲಿ ಆ ಕುಲದ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್‌ಗೆ ಹೋದವು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದರ ಸಂಶೋಧನೆಗೆಂದೇ ಒಂದು ಕೇಂದ್ರವಿದೆ. ಕರಿಯಾನ ವಂಶಾವಳಿ ಸಣ್ಣದು, ಆಮೇಲೆ ಹೇಳುತ್ತೇನೆ.

ಹಿಂದಿನ ಬಾಡಿಯಲ್ಲಿ ಕೂರಿಸಬಹುದಲ್ಲ ಎನ್ನುತ್ತೀರಿ. ಕೂರಿಸಿದ್ದೆ. ಬ್ಯಾಡಗಿ ಮಾರ್ಕೆಟ್ಟಿಗೆ ಒಣಮೆಣಸಿನಕಾಯಿ ಹೇರಿದ್ದ ಗಾಡಿ. ಎರಡೂ ಗಜೇಂದ್ರಗಡ ಮುಟ್ಟುವವರೆಗೆ ಸೀನಿದವು. ಬಾಡಿ ತೊಳೆದು ಮತ್ತೆ ಕೂರಿಸಿದೆ. ಸೂಡಿ ಕಡೆ ಹೋಗುವಾಗ ರಾಣಿಗೆ ಮೊಲ ಕಂಡಿತು. ಬೇಟೆ ನಾಯಿಗೆ ಮೂಗಿಗಿಂತ ಕಣ್ಣು ಚುರುಕು. ಕಂಡದ್ದೇ ತಡ, ಓಡುವ ಗಾಡಿಯಿಂದ ಹಾರಿದಳು. ಕಾಲು ಉಳಿದದ್ದು ಕಾಲಕಾಲೇಶ್ವರನ ದಯೆ. ಅಂದಿನಿಂದ ಇಬ್ಬರಿಗೂ ಕ್ಯಾಬಿನ್ನೇ ಗತಿ, ಅಂದರೆ ರಾಣಿಗೆ ಮಕಮಲ್ಲೇ ಗತಿ.

ಕಳೆದ ಶ್ರಾವಣದಲ್ಲಿ ರಾಣಿಗೆ ನರಗುಂದದಲ್ಲೊಂದು ವರ ಗೊತ್ತಾಯಿತು. ಕರಿಯಾನನ್ನೂ ಹತ್ತಿಸಿಕೊಂಡು ಹೋದೆವು. ನರಗುಂದ ಎಂದರೆ 1858ರಲ್ಲಿ ಅಲ್ಲಿನ ದೊರೆ ಬಾಬಾಸಾಹೇಬರು ಬ್ರಿಟಿಷರಿಗೆ, 1980ರಲ್ಲಿ ರೈತರು ಸರ್ಕಾರಕ್ಕೆ ಬಗ್ಗದ ಊರು. ವರನೂ ಬಗ್ಗಲಿಲ್ಲ. ರಾಣಿಯನ್ನು ಒಮ್ಮೆ ಮೂಸಿ, ಆಕಳಿಸಿ, ಬೇವಿನ ಗಿಡದ ಬುಡಕ್ಕೆ ಹೋಗಿ ಮಲಗಿಬಿಟ್ಟ. ಬೀಗತನ ಅಲ್ಲಿಗೆ ಮುಗಿಯಿತು.

ತಿರುಗಿ ಹೊರಟಾಗ ಬಸ್ ಸ್ಟ್ಯಾಂಡಿನ ಹತ್ತಿರ ಗಜೇಂದ್ರಗಡದ ನಮ್ಮ ಸೋದರಮಾವ ಸಿಕ್ಕರು. ಅವರೂ ಮದುವೆ ಮಾತಿಗೇ ಬಂದವರು, ಮನುಷ್ಯರ ಮದುವೆ. ಬಿಳಿ ದೋತರ, ಬಿಳಿ ನೆಹರೂ ಶರ್ಟು, ಬಿಳಿ ಟೊಪಗಿ. ಇಸ್ತ್ರಿಯ ಗೆರೆಯಿಂದ ಬದನಿಕಾಯಿ ಹೆಚ್ಚಬಹುದಿತ್ತು. ಬಾಗಿಲು ತೆಗೆದು ನಿಂತರು, ಒಳಗೆ ನೋಡಿದರು.

"ತಮ್ಮಾ, ನಾಯಿ ಸಂಗಾಟ ಕುಂದರಬೇಕೇನೋ? ಗಾಡಿ ಹೊಲಸ ಮಾಡ್ತಾವ."

ಹಾಗೆಂದವರು ಬಾಯಲ್ಲಿದ್ದ ಎಲಿ-ಅಡಿಕಿಯನ್ನು ನನ್ನ ಗಾಡಿಯ ಮುಂದಿನ ಗಾಲಿಗೇ ಉಗುಳಿ ಹತ್ತಿ ಕುಳಿತರು. ಇದನ್ನು ಬರೆಯಬಾರದೆಂದುಕೊಂಡಿದ್ದೆ. ಆದರೆ ಸಿಟ್ಟು ಇನ್ನೂ ಆರಿಲ್ಲ. ಹತ್ತು ವರ್ಷ ಈ ಗಾಡಿಯಲ್ಲಿ ಮಂದಿಯನ್ನು ಪುಕ್ಕಟೆ ಹತ್ತಿಸಿಕೊಂಡಿದ್ದೇನೆ. ಬಾಗಿಲಿನ ಹೊರಮೈಗೆ ಕೆಂಪು ಗೆರೆ, ಸೀಟಿನ ಸಂದಿಯಲ್ಲಿ ಗುಟಕಾ ಚೀಟಿ, ಕಾಲಡಿ ಶೇಂಗಾ ಸಿಪ್ಪೆ, ಎಲ್ಲ ಅವರದೇ ಕೊಡುಗೆ. ಒಂದು ನಾಯಿಯೂ ಇಂದಿನವರೆಗೆ ಗುಟಕಾ ಚೀಟಿ ಹರಿದು ಸಂದಿಗೆ ತುರುಕಿಲ್ಲ.

ಇರಲಿ. ನರಗುಂದಕ್ಕೂ ರೋಣಕ್ಕೂ ನಡುವೆ ಬೆಣ್ಣಿಹಳ್ಳ. ಹೆಸರಿಗೆ ಬೆಣ್ಣೆ; ಮಳೆಗಾಲದಲ್ಲಿ ಕೆನ್ನೆಗೆ ಹೊಡೆಯುವ ಹಳ್ಳ. ಅಂದು ನೀರು ಏರಿತ್ತು, ಗಾಡಿಗಳು ಸಾಲಾಗಿ ನಿಂತಿದ್ದವು. ನಾಯಿಗಳನ್ನು ಉಚ್ಚೆಗೆ ಇಳಿಸಿದೆ. ಕರಿಯಾ ಗಾಡಿಯ ನೆರಳಲ್ಲೇ ಕೆಲಸ ಮುಗಿಸಿ ಮರಳಿದ. ರಾಣಿಗೆ ಹೆಸರಿನ ಹೊಲದಾಚೆ ಏನೋ ಕಂಡಿತು. ಮರಳಿ ಬಂದಾಗ ನಾಲ್ಕು ಕಾಲಿಗೂ ಎರಿ ಮಣ್ಣಿನ ಗಂಬೂಟು, ಹೊಟ್ಟೆಗೆ ಎರಿ ಮಣ್ಣಿನ ಗಿಲಾವು. ಅಷ್ಟರಲ್ಲಿ ಮಳೆ ಸುರಿಯಿತು. ನಾವು ಬಾಗಿಲು ಹಾಕಿ, ಕಿಟಕಿ ಏರಿಸಿದೆವು. ರಾಣಿ ಮಾವನಿಗೂ ನನಗೂ ನಡುವೆ ನಿಂತಳು.

ನಾಯಿ ಮೈ ಕೊಡವುವುದನ್ನು ನೀವು ನೋಡಿದ್ದೀರಿ. ಅಂಗಳದಲ್ಲಿ, ಹತ್ತು ಮಾರು ದೂರದಿಂದ. ಮುಚ್ಚಿದ ಕ್ಯಾಬಿನ್ನಿನಲ್ಲಿ, ಒಂದು ಗೇಣು ದೂರದಿಂದ ನೋಡಿಲ್ಲ.

ಅದು ಮೂಗಿನಿಂದ ಸುರುವಾಗುತ್ತದೆ. ಮೊದಲು ರಾಣಿ ಮಾವನ ಮುಖವನ್ನೇ ಗಂಭೀರವಾಗಿ ನೋಡಿದಳು. ಏನೋ ಹೇಳಲಿಕ್ಕಿದ್ದಾಳೆಂದು ಮಾವ ಸ್ವಲ್ಪ ಬಾಗಿದರು. ಆಗ ಮೂಗು ಎಡಕ್ಕೆ ಹೋಯಿತು. ಹಿಂದೆಯೇ ತಲೆ. ತಲೆಯ ಹಿಂದೆ ಕಿವಿಗಳು, ಪಟಪಟ, ಗಾಳಿಗೆ ಸಿಕ್ಕ ಧ್ವಜದಂತೆ. ಆ ನಡುಕ ಕೊರಳಿಗೆ ಇಳಿಯಿತು, ಭುಜಕ್ಕೆ ಬಂತು, ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಿಕೊಂಡು ನಡುವಿಗೆ ಹೋಯಿತು. ನಾಯಿಯ ಚರ್ಮ ಸಡಿಲ; ಮೈ ಇತ್ತ ತಿರುಗಿದರೂ ಚರ್ಮ ಇನ್ನೂ ಅತ್ತಲೇ ಇರುತ್ತದೆ, ಕವಣೆಯ ಹಾಗೆ. ಅಮೆರಿಕದ ಜಾರ್ಜಿಯಾ ಟೆಕ್ ವಿಜ್ಞಾನಿಗಳು ಇದನ್ನು ಕ್ಯಾಮೆರಾ ಇಟ್ಟು ಅಳೆದು 2012ರಲ್ಲಿ ಬರೆದಿದ್ದಾರೆ: ಇಲಿ ಸೆಕೆಂಡಿಗೆ ಮೂವತ್ತರ ಹತ್ತಿರ ಸಲ ಕೊಡವಿದರೆ ದೊಡ್ಡ ನಾಯಿಗೆ ನಾಲ್ಕೈದು ಸಲ ಸಾಕು, ಅಷ್ಟರಲ್ಲೇ ಮೈಮೇಲಿನ ನೀರಿನ ಬಹುಪಾಲು ಹಾರಿಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಎಂದು ಅವರು ಮಾವನನ್ನು ಕೇಳಬೇಕಿತ್ತು. ಕಡೆಗೆ ಬಾಲ. ಎಲ್ಲ ಮುಗಿಯಿತು ಎಂದು ನಾವು ಕಣ್ಣು ಬಿಡುವ ಹೊತ್ತಿಗೆ ಬಾಲದ ತುದಿ ಒಮ್ಮೆ ಚಟ್ಟನೆ ಬೀಸಿ, ಉಳಿದದ್ದನ್ನು ಟೊಪಗಿಗೆ ಅರ್ಪಿಸಿತು.

ಕ್ಯಾಬಿನ್ನಿನಲ್ಲಿ ಮೌನ. ಮಾವನ ಮುಖದ ಮೇಲೆ ಎರಿ ಮಣ್ಣಿನ ಚಿಕ್ಕಿ, ನಡುವೆ ಎರಡು ಬಿಳಿ ಕಣ್ಣು. ನಾನು ನಗಬಾರದೆಂದು ಸ್ಟೇರಿಂಗ್ ಹಿಡಿದು ಕಾಲಕಾಲೇಶ್ವರನನ್ನು ನೆನೆದೆ. ಮಾವ ಬಹಳ ಹೊತ್ತಿನ ಮೇಲೆ ಬಾಯಿ ತೆರೆದರು.

"ಒಣಗಲಿ ಬಿಡು."

ಗಜೇಂದ್ರಗಡದವರೆಗೆ ಒಂದು ಬೆರಳೂ ಅಲ್ಲಾಡಿಸದೆ ಮೂರ್ತಿಯಂತೆ ಕುಳಿತರು. ಅವರನ್ನು ಇಳಿಸಿ ಮನೆಗೆ ಬಂದವನೇ ನಾನು ಬಕೆಟ್ ನೀರು, ಸೋಪಿನ ಪುಡಿ, ಬ್ರಷ್ಷು ಹಿಡಿದು ಸೀಟಿಗೆ ಬಿದ್ದೆ. ನನ್ನ ಕಡೆಯ ಸೀಟನ್ನು ಒಂದು ತಾಸು ತಿಕ್ಕಿದೆ. ಚಿಕ್ಕಿ ಚಿಕ್ಕಿಯಾಗಿದ್ದದ್ದು ಹರಡಿ, ನೂಲಿನೊಳಗೆ ಇಳಿದು, ಮಕಮಲ್ಲು ಎಮ್ಮೆಬಣ್ಣಕ್ಕೆ ತಿರುಗಿತು. ಮಾವನ ಕಡೆಗೆ ಕೈ ಹಾಕುವಷ್ಟರಲ್ಲಿ ನಮ್ಮಾಕಿ ಬಂದು ನಿಂತಳು.

"ಹಸಿ ಎರಿಯಾಗ ನೇಗಿಲ ಹೂಡಂಗಿಲ್ಲ ನೀವು. ಹಸಿ ಸೀಟಿಗೆ ಯಾಕ ಕೈ ಹಾಕಿದ್ರಿ?"

ಮರುದಿನ ಬಿಸಿಲಿಗೆ ಬಾಗಿಲು ತೆಗೆದಿಟ್ಟೆವು. ನೀರು ಕುಡಿದು ಉಬ್ಬುವ, ಒಣಗಿದರೆ ಕುಗ್ಗಿ ಬಿರಿಯುವ ಮಣ್ಣು ಅದು. ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವಂಥದ್ದು ಮಕಮಲ್ಲಿನ ಮೇಲೆ ಬಿಡದೆ ಇದ್ದೀತೇ? ಸಂಜೆಗೆ ನಮ್ಮಾಕಿ ರೊಟ್ಟಿ ಬಡಿಯುವ ಹಾಗೆ ಮಾವನ ಕಡೆಯ ಸೀಟನ್ನು ಅಂಗೈಯಿಂದ ಬಡಿದಳು. ಮಣ್ಣು ಹಪ್ಪಳದಂತೆ ಉದುರಿತು. ಉಳಿದ ಧೂಳು ಬ್ರಷ್ಷಿಗೆ ಬಂತು. ರಾಣಿಯ ಸಣ್ಣ ಕೂದಲು ಸೂಜಿಯಂತೆ ಚುಚ್ಚಿಕೊಂಡಿದ್ದವು. ಹಳೆ ಸೈಕಲ್ ಟ್ಯೂಬಿನ ತುಂಡಿನಿಂದ ಒಂದೇ ದಿಕ್ಕಿಗೆ ಎಳೆದರೆ ಉಂಡೆಯಾಗಿ ಬಂದವು.

ಇಷ್ಟೆಲ್ಲ ಆಗುವಾಗ ಕರಿಯಾ ಎಲ್ಲಿದ್ದ? ಕಾಲಡಿಯ ರಬ್ಬರ್ ಮ್ಯಾಟಿನ ಮೇಲೆ, ಮೈ ಮುದುಡಿಕೊಂಡು. ಅವನು ಸೀಟು ಹತ್ತುವುದೇ ಇಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಹೊಳೆಆಲೂರ ಕಡೆಯಿಂದ ಇದೇ ಗಾಡಿಯಲ್ಲಿ ಮಂದಿಯನ್ನು ತಂದೆ. ತೊಯ್ದ ಗಂಟು, ತೊಯ್ದ ಹಾಸಿಗೆ, ತೊಯ್ದ ಕೂಸು. ಸೀಟಿನ ಚಿಂತೆ ಯಾರಿಗೂ ಇರಲಿಲ್ಲ, ನನಗೂ. ಆದರೆ ಒಂದು ಮರಿ ನೀರಲ್ಲಿ ಹಿಂದೆ ಓಡಿ ಬಂದಾಗ ಒಬ್ಬಾತ "ನಾಯಿ ಬ್ಯಾಡ್ರಿ, ಹೊಲಸ" ಎಂದ. ಒಬ್ಬ ಮುದುಕಿ ಮಾತಾಡದೆ ಅದನ್ನೆತ್ತಿ ಉಡಿಯಲ್ಲಿ ಹಾಕಿಕೊಂಡಳು. ಪರಿಹಾರ ಕೇಂದ್ರದ ಬಾಗಿಲಲ್ಲಿ ನಾಯಿಯನ್ನು ಬಿಡಲಿಲ್ಲ. ಮುದುಕಿ ಅದನ್ನು ನನ್ನ ಗಾಡಿಯ ಕಾಲಡಿ ಇಟ್ಟು, "ಇಲ್ಲೇ ಕುಂದ್ರಪ್ಪಾ" ಅಂದು ಒಳಗೆ ಹೋದಳು. ಅವನು ಇನ್ನೂ ಅಲ್ಲೇ ಕೂರುತ್ತಾನೆ.

ಈಗ ಸೀಟಿನ ಮೇಲೆ ಅವ್ವ ಹೊಲಿದ ಕೌದಿ ಹಾಸಿದೆ. ಹೊಲಸಾದರೆ ಒಣಗಿಸಿ, ಬಡಿದು, ಆಮೇಲೆ ಒಗೆಯುತ್ತೇವೆ. ಪಯಣಕ್ಕೆ ಮೂರು ನಾಲ್ಕು ತಾಸು ಮುಂಚೆ ನಾಯಿಗಳಿಗೆ ರೊಟ್ಟಿ-ಹಾಲು ಬಂದ್. ಗಜೇಂದ್ರಗಡದ ಗುಡ್ಡದ ತಿರುವಿನಲ್ಲಿ ಅಂಚೆ ಚೀಟಿಯ ಕುಲವೂ ವಾಂತಿ ಮಾಡುತ್ತದೆ. ಮಾವನ ದೋತರ ಒಣಗಿಸಿ ಬಡಿದದ್ದಕ್ಕೆ ಮೊದಲಿನಷ್ಟೇ ಬೆಳ್ಳಗಾಯಿತಂತೆ. ಕೌದಿಯ ಕೆಳಗೆ ಮಾವನ ಕಡೆಯ ಮಕಮಲ್ಲು ಇಂದಿಗೂ ಕೆನೆ, ನನ್ನ ಕಡೆಯದು ಎಮ್ಮೆ.

ಎರಿ ನಾಡಿನಲ್ಲಿ ನಾಯಿ ಸಾಕಿ ಗಾಡಿ ಕೊಳ್ಳುವವರಿಗೆ ಒಂದು ಮಾತು: ಸೀಟಿನ ಬಣ್ಣವನ್ನು ಅಂಗಡಿಯ ದೀಪದ ಕೆಳಗೆ ಆರಿಸಬೇಡಿ. ಹೊಲದಿಂದ ಒಂದು ಹೆಂಟೆ ಒಯ್ದು, ಪಕ್ಕದಲ್ಲಿಟ್ಟು ಆರಿಸಿ.